ಎಡಗಡೆ ನಿಲ್ಲುವವನು

ನನ್ನ ಗಂಡ ಬೊನಿಫಾಸ್ ಅಮೆರಿಕ ನೋಡಿದವರಲ್ಲ. ಅಲ್ಲಿನ ಫುಟ್‌ಬಾಲ್ ಆಡಿದವರಂತೂ ಅಲ್ಲವೇ ಅಲ್ಲ. ಮನೆಯ ಮೆಟ್ಟಿಲು ಹತ್ತುವಾಗಲೇ ಮಂಡಿ ಹಿಡಿದುಕೊಳ್ಳುವ ಜನ. ಆದರೂ ಏಪ್ರಿಲ್ ಬಂತೆಂದರೆ ಗಲ್ಫಿನ ಈ ಸೊಹಾರಿನ ನಮ್ಮ ಮನೆಯಲ್ಲಿ ಅಮೆರಿಕದ ಒಂದು ತಂಡದ್ದೇ ಮಾತು. ತಂಡದ ಹೆಸರು ರಿವರ್‌ಮೆನ್. ಸೋಲುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಈ ರೋಗ ಹಚ್ಚಿದ್ದು ಕಂಪೆನಿಯಲ್ಲಿ ಹಿಂದೆ ಇದ್ದ ಒಬ್ಬ ಅಮೆರಿಕನ್ ಸಾಹೇಬ. ಊರಿಗೆ ಹೋಗುವಾಗ ತನ್ನ ತಂಡದ ಎರಡು ಟೋಪಿ ಕೊಟ್ಟುಹೋದ. ಒಂದು ಬೊನಿಫಾಸರಿಗೆ, ಇನ್ನೊಂದು ಶೇಖಪ್ಪನವರಿಗೆ. ಬೊನಿಫಾಸ್ ಉಡುಪಿ ಕಡೆಯವರು, ಎಚ್‌ಆರ್ ಆಫೀಸಿನಲ್ಲಿ ಕೆಲಸ. ಶೇಖಪ್ಪನವರು ಕೊಪ್ಪಳದವರು, ಅಲ್ಯೂಮಿನಿಯಂ ಕರಗಿಸುವ ಕುಲುಮೆಗಳ ಮೇಂಟೆನೆನ್ಸ್ ಇಂಜಿನಿಯರ್. ಕಂಪೆನಿ ಬಸ್ಸಿನಲ್ಲಿ ಇಬ್ಬರದೂ ಒಂದೇ ಸೀಟು. ಹೋಗುವಾಗ ಜಗಳ, ಬರುವಾಗ ಅದೇ ಜಗಳದ ಉಳಿದ ಭಾಗ.

ಆ ಆಟದ ಬಗ್ಗೆ ನನಗೆ ಅರ್ಥವಾಗಿದ್ದು ಇಷ್ಟು. ಹೆಸರು ಫುಟ್‌ಬಾಲ್, ಆಡುವುದು ಹೆಚ್ಚಾಗಿ ಕೈಯಲ್ಲಿ. ಪ್ರತಿ ವರ್ಷ ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಹೆಚ್ಚು ಸೋತವರಿಗೆ ಮೊದಲ ಸರದಿ. ಹಾಗಾಗಿ ಆಟದ ದಿನ ಸಂಭ್ರಮಪಡುವ ಯೋಗ ಇಲ್ಲದ ನಮ್ಮವರಿಗೆ ಡ್ರಾಫ್ಟಿನ ದಿನವೇ ದೊಡ್ಡ ಹಬ್ಬ. ಅಮೆರಿಕದ ಗುರುವಾರ ರಾತ್ರಿ ಇಲ್ಲಿ ಶುಕ್ರವಾರದ ಬೆಳಗಿನ ಜಾವ, ಶುಕ್ರವಾರ ನಮಗೆ ರಜೆ. ಚರ್ಚಿನಲ್ಲಿ ಪೂಜೆ ಮುಗಿಸಿ ಶೇಖಪ್ಪನವರ ಮನೆಗೆ ಹೋಗಿ ರೆಕಾರ್ಡಿಂಗ್ ನೋಡುವುದು ಪದ್ಧತಿ. ಅಷ್ಟರಲ್ಲಿ ಫಲಿತಾಂಶ ಕಣ್ಣಿಗೆ ಬೀಳಬಾರದೆಂದು ಫೋನುಗಳನ್ನೆಲ್ಲ ಆಫ್ ಮಾಡಿ, ಹೋದ ಕೂಡಲೇ ಹುಲಿಗೆವ್ವಳ ದೊಡ್ಡ ಕುಕ್ಕರಿನೊಳಗೆ ಹಾಕಿ ಮುಚ್ಚಳ ಬಿಗಿಯುತ್ತಾರೆ. ಇವರಿಬ್ಬರೂ ಓದಿದ ಗಂಡಸರು, ನೆನಪಿರಲಿ.

ಹುಲಿಗೆವ್ವ ಶೇಖಪ್ಪನವರ ಹೆಂಡತಿ. ಸೊಹಾರಿನಲ್ಲಿ ನನ್ನವರು ಅಂತ ಇರುವುದು ಅವಳೊಬ್ಬಳೇ. ಮೊದಲ ಸಲ ಭೇಟಿಯಾದಾಗ ಅವಳ ಕನ್ನಡ ನನಗೆ, ನನ್ನದು ಅವಳಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಉಳಿದರ್ಧಕ್ಕೆ ಇಬ್ಬರೂ ನಗುತ್ತಿದ್ದೆವು. ನನಗೆ ಆಪರೇಷನ್ ಆಗಿ ಮಲಗಿದ್ದಾಗ ದಿನಾ ಬಂದು ತಲೆ ಬಾಚಿದವಳು ಅವಳು, ಬೊನಿಫಾಸರ ಅಡುಗೆಯಿಂದ ನನ್ನ ಜೀವ ಉಳಿಸಿದವಳೂ ಅವಳೇ.

ಈ ವರ್ಷದ ಜಗಳ ಹುಟ್ಟಿದ್ದು ಒಂದು ಶುಕ್ರವಾರ ನಮ್ಮ ಮನೆಯ ಊಟದ ಮೇಜಿನಲ್ಲಿ. ಪಕ್ಕದ ಮೀನುಗಾರರ ಊರು ಸಹಮ್‌ನಿಂದ ತಂದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದ್ದೆ. ಕೊಪ್ಪಳದ ಶೇಖಪ್ಪನವರು ಈಗ ಮುಳ್ಳು ಬಿಡಿಸುವುದರಲ್ಲಿ ನನ್ನ ಗಂಡನಿಗಿಂತ ಚುರುಕು.

"ಈ ಸಲ ಕ್ವಾರ್ಟರ್‌ಬ್ಯಾಕ್ ಬೇಕೇ ಬೇಕು ಮಾರಾಯ್ರೆ," ಅಂದರು ಬೊನಿಫಾಸ್. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು, ಪೇಪರಿನಲ್ಲಿ ಫೋಟೋ ಬರುವವನು. "ಆ ಉದ್ದ ಕೈಯ ಹುಡುಗ ಉಂಟಲ್ಲ, ಅವನನ್ನು ಬಿಟ್ರೆ ನಮ್ಮ ಕತೆ ಖಲಾಸ್."

"ಚೆಂಡು ಒಗಿಯಾವ್ನ ತಗೊಂಡು ಏನ್ ಮಾಡ್ತೀರಿ? ಹೋದ ವರ್ಷದಾವ ಒಗಿಯೂದರಾಗ ನೆಲಕ್ಕ ಬೀಳ್ತಿದ್ದ. ಮೊದ್ಲ ಲೆಫ್ಟ್ ಟ್ಯಾಕಲ್ ಬೇಕ್ರಿ," ಅಂದರು ಶೇಖಪ್ಪ. ಲೆಫ್ಟ್ ಟ್ಯಾಕಲ್ ಅಂದರೆ ಎಡಗಡೆ ನಿಲ್ಲುವ ದೈತ್ಯ. ಚೆಂಡು ಎಸೆಯುವವನಿಗೆ ಕಾಣದ ಬದಿಯಿಂದ ನುಗ್ಗಿ ಬರುವವರನ್ನು ತಡೆಯುವುದು ಅವನ ಕೆಲಸ. ಆಟವೆಲ್ಲ ಮುಗಿದರೂ ಅವನ ಕೈಗೆ ಚೆಂಡು ಸಿಗುವುದಿಲ್ಲ.

ಬೊನಿಫಾಸ್ ಕೈ ಬೀಸಿದರು. "ಬಾಗಿಲು ಕಾಯುವವನನ್ನು ನೋಡ್ಲಿಕ್ಕೆ ಯಾರು ಟಿಕೆಟ್ ತೆಗೀತಾರೆ? ಅಂಥವರು ಎಲ್ಲಿ ಬೇಕಾದ್ರೂ ಸಿಗ್ತಾರೆ. ಒಬ್ಬ ಹೋದ್ರೆ ಇನ್ನೊಬ್ಬ!"

ಶೇಖಪ್ಪನವರ ಕೈ ತಟ್ಟೆಯಲ್ಲೇ ನಿಂತಿತು. "ಹೌದ್ರಿ. ಒಬ್ಬ ಹೋದ್ರ ಇನ್ನೊಬ್ಬ," ಅಂದರು ಮೆಲ್ಲಗೆ. ಅರ್ಧ ಮೀನು ಬಿಟ್ಟು ಎದ್ದು ಕೈ ತೊಳೆದರು. ನನ್ನ ಪುಳಿಮುಂಚಿಯನ್ನು ಅರ್ಧಕ್ಕೆ ಬಿಟ್ಟವರು ಇಲ್ಲಿಯತನಕ ಯಾರೂ ಇಲ್ಲ.

ಭಾನುವಾರ ಬಸ್ಸಿನಲ್ಲಿ ಅವರು ಡ್ರೈವರನ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತರಂತೆ. ಸೋಮವಾರವೂ ಅಷ್ಟೆ. ಮುಂದಿನ ಶುಕ್ರವಾರದ ಊಟಕ್ಕೆ ತಲೆನೋವು ಅಂತ ಹೇಳಿ ಕಳಿಸಿದರು. "ಎಂತ ಸಣ್ಣ ಮಕ್ಕಳ ಹಾಗೆ!" ಅಂತ ಬೊನಿಫಾಸ್ ನಕ್ಕರು. ನಾನೂ ನಕ್ಕೆ. ಒಂದು ಸಂಜೆ ಹುಲಿಗೆವ್ವ ತನ್ನ ರೊಟ್ಟಿ ಹಂಚನ್ನು ಹಳೇ ಸೀರೆಯಲ್ಲಿ ಸುತ್ತಿ ತಂದು ನನ್ನ ಅಡುಗೆಮನೆಯಲ್ಲಿ ಇಟ್ಟಾಗ ನಗು ನಿಂತಿತು.

"ಇದು ನಿಮ್ಗ ಇರ್ಲಿ ಅಕ್ಕಾರ. ವಿಮಾನದಾಗ ತೂಕ ಭಾಳ ಆಗ್ತೈತಿ."

"ಯಾವ ವಿಮಾನ?"

ಆಗ ಬಾಯಿ ಬಿಟ್ಟಳು. ಶೇಖಪ್ಪನವರ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುತ್ತೀರಾ ಅಂತ ಕಂಪೆನಿ ಕೇಳಿತ್ತು. ಅಷ್ಟರಲ್ಲಿ ಅವರ ಹೊಸ ಮ್ಯಾನೇಜರ್ ಮೀಟಿಂಗಿನಲ್ಲಿ ಎಲ್ಲರೆದುರು, ಮೇಂಟೆನೆನ್ಸಿಗೆ ಜನ ಎಲ್ಲಿ ಬೇಕಾದರೂ ಸಿಗುತ್ತಾರೆ ಅಂದುಬಿಟ್ಟಿದ್ದ. ಅದನ್ನು ನುಂಗಿಕೊಂಡು ನಮ್ಮ ಮನೆಗೆ ಊಟಕ್ಕೆ ಬಂದರೆ, ಗೆಳೆಯನ ಬಾಯಲ್ಲೂ ಅದೇ ಮಾತು.

"ಅಂವ ಅಂದಿದ್ದಕ್ಕ ಇವ್ರಿಗೆ ಅಷ್ಟು ಹತ್ತಿರ್ಲಿಲ್ಲ ಅಕ್ಕಾರ. ಬೋನಿಯವರ ಅಂದ್ರಲ್ಲ, ಅದು ಮನಸಿಗೆ ಭಾಳ ಹತ್ತೇತಿ. ಊರಿಗೆ ಹೋಗಿಬಿಡೂಣು ಅಂತಾರ. ನನಗ ಮನಸಿಲ್ರಿ," ಅಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ನನಗೆ ಅಳು ಬಂತು. ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಬೊನಿಫಾಸ್ ಬಂದು ಷೂ ಬಿಚ್ಚುವ ಮೊದಲೇ ಶುರು ಮಾಡಿದೆ. ನಿಮ್ಮ ಚೆಂಡೂ ಬೇಡ, ನಿಮ್ಮ ಟೋಪಿಯೂ ಬೇಡ, ನನಗೆ ನನ್ನ ಹುಲಿಗೆವ್ವ ಬೇಕು ಅಂದೆ.

"ನಾನು ಹೇಳಿದ್ದು ಆಟದ ವಿಷಯ ಮಾರಾಯ್ತಿ!"

"ಅವರಿಗೆ ಕೇಳಿಸಿದ್ದು ಅವರ ವಿಷಯ."

ಬೊನಿಫಾಸ್ ಒಂದು ಷೂ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಕೂತೇ ಬಿಟ್ಟರು. ಶೇಖಪ್ಪನವರ ಕಾಂಟ್ರಾಕ್ಟ್ ಮುಗಿಯುವುದು ಅವರಿಗೆ ಗೊತ್ತಿತ್ತು. ಶೇಖಪ್ಪ ಬೇಡ ಅನ್ನಬಹುದೆಂಬುದು ಮಾತ್ರ ತಲೆಗೇ ಹೊಳೆದಿರಲಿಲ್ಲ. ದಿನವಿಡೀ ಜನರನ್ನು ಸಮಾಧಾನ ಮಾಡಿ ಸಂಬಳ ತೆಗೆದುಕೊಳ್ಳುವ ಈ ಮನುಷ್ಯನಿಗೆ ಸ್ವಂತಕ್ಕೆ ಕ್ಷಮೆ ಕೇಳಲು ಬಾಯಿ ಬರುವುದಿಲ್ಲ. ಫೋನ್ ಮಾಡಿ ಅಂದೆ. ಮಾಡಲಿಲ್ಲ. ಅದರ ಬದಲು, ಕ್ವಾರ್ಟರ್‌ಬ್ಯಾಕ್ ಒಬ್ಬ ಎಡಗಡೆಯಿಂದ ಗುದ್ದಿಸಿಕೊಂಡು ಮಗುಚಿ ಬೀಳುವ ವಿಡಿಯೋ ಹುಡುಕಿ ವಾಟ್ಸಾಪಿನಲ್ಲಿ ಕಳಿಸಿದರು. ಶೇಖಪ್ಪನವರು ನೋಡಿದರು, ಉತ್ತರ ಕೊಡಲಿಲ್ಲ. ಇನ್ನೊಂದು ಕಳಿಸಿದರು. ಅದಕ್ಕೂ ಇಲ್ಲ.

ಡ್ರಾಫ್ಟಿನ ಶುಕ್ರವಾರ ಬಂತು. ಯಾರೂ ಕರೆದಿರಲಿಲ್ಲ. ಪೂಜೆ ಮುಗಿದ ಮೇಲೆ ಬೊನಿಫಾಸ್ ಚರ್ಚಿನ ಅಂಗಳದಲ್ಲಿ ಯಾರ ಹತ್ತಿರವೂ ನಿಲ್ಲದೆ ಕಾರು ಹತ್ತಿದರು. ತಲೆಯ ಮೇಲೆ ಆ ಟೋಪಿ. ನಮ್ಮ ಮನೆಯ ತಿರುವು ಬಂತು, ಹೋಯಿತು. ನಾನು ಮಾತಾಡಲಿಲ್ಲ, ಮಾತಾಡಿದರೆ ತಿರುಗಿಸಿಬಿಡುವ ಜಾತಿ ಇದು. ಹಿಂದೆ ಡಿಕ್ಕಿಯಲ್ಲಿ ರೊಟ್ಟಿ ಹಂಚು ಕಟಕಟ ಅನ್ನುತ್ತಿತ್ತು. ಅದನ್ನು ಅಡುಗೆಮನೆಯಲ್ಲಿ ನೋಡಿದಾಗಲೆಲ್ಲ ಸಂಕಟವಾಗಿ ಅಲ್ಲಿ ಹಾಕಿಟ್ಟಿದ್ದೆ.

ಶೇಖಪ್ಪನವರು ಬಾಗಿಲು ತೆಗೆದರು. ಅವರ ತಲೆಯ ಮೇಲೂ ಟೋಪಿ ಇತ್ತು. ತಟ್ಟನೆ ತೆಗೆದು ಹಿಂದೆ ಮುಚ್ಚಿಟ್ಟುಕೊಂಡರು.

"ಬರ್ರಿ," ಅಂದರು, ನೆಲ ನೋಡುತ್ತಾ.

ಬೊನಿಫಾಸ್ ಒಳಗೆ ಹೋಗಿ ಕುಕ್ಕರಿನ ಮುಚ್ಚಳ ತೆಗೆದರು. ಅದರೊಳಗೆ ಶೇಖಪ್ಪನವರ ಫೋನ್ ಆಗಲೇ ಕೂತಿತ್ತು. ತಮ್ಮದನ್ನೂ ನನ್ನದನ್ನೂ ಅದರ ಪಕ್ಕ ಹಾಕಿ ಬಂದು ಸೋಫಾದ ಈ ತುದಿಯಲ್ಲಿ ಕೂತರು. ಶೇಖಪ್ಪ ಆ ತುದಿ. ನಡುವೆ ಆನೆ ಕೂರುವಷ್ಟು ಜಾಗ. ಟಿವಿಯಲ್ಲಿ ಬ್ಯಾಂಡು, ಬಾವುಟ, ಕೋಟು ತೊಟ್ಟ ಹುಡುಗರು, ಅಳುವ ತಾಯಂದಿರು. ಮೊದಲ ಸರದಿಯೇ ನಮ್ಮದು, ಎಂದಿನಂತೆ.

ವೇದಿಕೆಗೆ ಒಬ್ಬ ಚೀಟಿ ಹಿಡಿದು ಬರುತ್ತಿದ್ದ. ಬೊನಿಫಾಸ್ ರಿಮೋಟ್ ಎತ್ತಿ ಚಿತ್ರ ನಿಲ್ಲಿಸಿದರು.

"ಲೆಫ್ಟ್ ಟ್ಯಾಕಲನ್ನೇ ತೆಗೊಳ್ಳಲಿ," ಅಂದರು.

"ಯಾಕ್ರಿ? ನಿಮ್ಮ ಉದ್ದ ಕೈಯಾವ?"

"ಬೇಡ. ಇಷ್ಟು ದಿನ ಬಸ್ಸಲ್ಲಿ ನಿಮ್ಮ ಜಾಗದಲ್ಲಿ ಯಾರ್ಯಾರೋ ಕೂತರು. ಒಬ್ಬ ನನ್ನ ಹೆಗಲ ಮೇಲೆ ಗೊರಕೆ ಹೊಡೀತಾನೆ. ಇನ್ನೊಬ್ಬ ಸುರ್ ಸುರ್ ಅಂತ ಚಹಾ ಕುಡೀತಾನೆ. ಬಾಯಿ ಬಿಟ್ಟು ಜಗಳ ಆಡುವವ ಒಬ್ಬನೂ ಇಲ್ಲ." ರಿಮೋಟನ್ನು ನಡುವಿನ ಖಾಲಿ ಜಾಗದಲ್ಲಿ ಇಟ್ಟರು. "ಒಬ್ಬ ಹೋದ್ರೆ ಇನ್ನೊಬ್ಬ ಸಿಗುವುದಿಲ್ಲ ಶೇಖಪ್ಪಣ್ಣ. ನಾನು ಹೇಳಿದ್ದು ತಪ್ಪು. ಬೇಜಾರು ಮಾಡ್ಬೇಡಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಬಾಯಿಂದ 'ತಪ್ಪು' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ನನಗೆ ಹೇಳಿದ್ದಲ್ಲ. ಹೋಗಲಿ, ಕೇಳಿದ ಪುಣ್ಯವಾದರೂ ಬಂತು. ಶೇಖಪ್ಪನವರು ಕೈ ಚಾಚಿ ರಿಮೋಟ್ ತೆಗೆದುಕೊಂಡು ಗುಂಡಿ ಒತ್ತಿದರು.

ವೇದಿಕೆಯವನು ಚೀಟಿ ಓದಿದ. ಕ್ವಾರ್ಟರ್‌ಬ್ಯಾಕ್! ಅದೇ ಉದ್ದ ಕೈಯ ಹುಡುಗ!

ಬೊನಿಫಾಸರ ಮುಖ ನೋಡಬೇಕಿತ್ತು. ವರ್ಷವಿಡೀ ಬೇಡಿಕೊಂಡಿದ್ದು ಸಿಕ್ಕಿದೆ, ಕುಣಿಯುವ ಹಾಗಿಲ್ಲ. ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ತುಟಿ ಕಚ್ಚಿಕೊಂಡು, "ಛೆ, ಛೆ," ಅಂದರು. ಶೇಖಪ್ಪನವರು ಒಮ್ಮೆ ತಿರುಗಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗುನಗುತ್ತಾ ಸೋಫಾದ ನಡುವಿನ ಜಾಗ ದಾಟಿ ಬಂದು ನನ್ನ ಗಂಡನ ಬೆನ್ನಿಗೆ ಗುದ್ದಿದರು.

"ಕುಣೀರಿ ಬೋನಿಯವರ, ಕುಣೀರಿ! ಹಿಡ್ಕೋಬ್ಯಾಡ್ರಿ, ಹೊಟ್ಟಿ ಒಡದೀತು!"

ಬೊನಿಫಾಸ್ ಮಂಡಿಯ ಹಂಗಿಲ್ಲದೆ ಎದ್ದು ಕುಣಿದರು. ಶೇಖಪ್ಪನವರು ಕಣ್ಣೊರೆಸಿಕೊಂಡು, ಹಿಂದೆ ಮುಚ್ಚಿಟ್ಟಿದ್ದ ಟೋಪಿ ತೆಗೆದು ಹಾಕಿಕೊಂಡರು. "ಪಾಪ, ಈ ಹುಡುಗನ ಹಲ್ಲು ಒಂದೂ ಉಳಿಯಂಗಿಲ್ಲ. ಎಡಕ್ಕ ಯಾರದಾರ ಇವ್ನ ಕಾಯಾಕ? ಮುಂದಿನ ವರ್ಷ ಟ್ಯಾಕಲ್ ತಗೋಳ್ಳಿಲ್ಲ ಅಂದ್ರ ನೋಡ್ರಿ, ಈ ಟಿವಿ ಒಡದ ಹಾಕ್ತೀನಿ!"

ಅಡುಗೆಮನೆಯ ಬಾಗಿಲಿಗೆ ಹುಲಿಗೆವ್ವ ಬಂದು ನಿಂತಳು. ಕೈಯೆಲ್ಲ ಜೋಳದ ಹಿಟ್ಟು. "ಮುಂದಿನ ವರ್ಷ ಈ ಟಿವಿ ಎಲ್ಲಿರ್ತೈತ್ರಿ?" ಅಂದಳು.

ಶೇಖಪ್ಪನವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಿರ್ತೈತಿ? ಇಲ್ಲೇ ಇರ್ತೈತಿ. ಭಾನುವಾರ ಆಫೀಸಿಗೆ ಹೋಗಿ ಹೂಂ ಅಂತೀನಿ. ಬೋನಿಯವರ, ಬಸ್ನ್ಯಾಗ ನನ್ನ ಜಾಗ ಹಿಡೀರಿ."

ಹುಲಿಗೆವ್ವ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು, ಆದರೆ ಬಾಯಿ ಮಾತ್ರ ಗದರಿಸುತ್ತಿತ್ತು. "ಹಂಗಾರ ಸುಮ್ನ ಯಾಕ ನಿಂತೀರಿ ಅಕ್ಕಾರ? ಹಿಟ್ಟು ನಾದಿ ಆಗೇತಿ, ಈ ದೋಸಿ ಕಾವಲಿ ಮ್ಯಾಲ ರೊಟ್ಟಿ ಏಳವಲ್ದು. ನನ್ನ ಹಂಚು ನನಗ ಕೊಡ್ರಿ."

ಚಪ್ಪಲಿ ಹಾಕಿಕೊಳ್ಳುವಷ್ಟು ತಾಳ್ಮೆ ಯಾರಿಗಿತ್ತು? ಬರಿಗಾಲಲ್ಲೇ ಕಾರಿನ ಹತ್ತಿರ ಓಡಿದೆ.