ಬಾಗಿಲಿಗೆ ಹಾಕಿದ ಗಾಜು

ಮರಳಿನೊಳಗಿಂದ ಒಂದು ಕಣ್ಣು ಮಾತ್ರ ಹೊರಗೆ, ಚಿನ್ನದ ಉಂಗುರ ತೊಟ್ಟ ಕರಿಮಣಿಯಂಥ ಕಣ್ಣು, ಮೊದಲು ಮೇಲಕ್ಕೆ ಹೊರಳಿತು, ಆಮೇಲೆ ಎಡಕ್ಕೆ, ಆಮೇಲೆ ನೇರ ಬಂದು ಗಾಜಪ್ಪನ ಮೂಗಿನ ಮೇಲೆ ನಿಂತಿತು — ಅದನ್ನಿನ್ನೂ ಮೂಗು ಅನ್ನುವುದಾದರೆ, ಅಕ್ವೇರಿಯಮ್ಮಿನ ಮುಂಗಾಜಿಗೆ ಒತ್ತಿ ಅದು ಅಪ್ಪಚ್ಚಿಯಾಗಿದೆ, ಹಣೆಯೂ ಒತ್ತಿದೆ, ಎದೆಯೂ, ಬಲಗೈ ಮೇಲೆ ಗಾಜಿನ ನಡುಮಧ್ಯೆ ಊರಿದೆ, ಎಡಗೈ ಹೆಬ್ಬೆರಳು ಮೂಲೆಯಲ್ಲಿ ಅಂಟು ಬಿಟ್ಟ ಸೀಳಿನ ಮೇಲೆ, ಮಂಡಿ ಅರ್ಧ ಬಗ್ಗಿದೆ, ಕೂತದ್ದೂ ಅಲ್ಲ ನಿಂತದ್ದೂ ಅಲ್ಲ, ಹೀಗೆ ಒಂದು ಯುಗವಾಯಿತು, ಗೋಡೆಯ ಗಡಿಯಾರ ಇಪ್ಪತ್ತೇ ನಿಮಿಷ ಅನ್ನುತ್ತಿದೆ, ಅದಕ್ಕೇನು ಗೊತ್ತು, ಅದಕ್ಕೆ ತೊಡೆ ಇದೆಯೇ. ಹೆಬ್ಬೆರಳು ತೆಗೆದರೆ ಸೀಳು ಬಾಯಿ ಬಿಡುತ್ತದೆ, ಅಂಗೈ ತೆಗೆದರೆ ಗಾಜು ಹೊಟ್ಟೆ ಮುಂದೆ ಮಾಡಿಕೊಂಡು ಬರುತ್ತದೆ, ಬಂದರೆ ಮುನ್ನೂರು ಲೀಟರ್ ಉಪ್ಪುನೀರು — ಗಿರಾಕಿಗಳ ಹತ್ತಿರ ಸಾವಿರ ಅಂತಲೇ ಹೇಳುವುದು, ಮೊನ್ನೆಯೊಬ್ಬರ ಹತ್ತಿರ, ಸಮುದ್ರದಿಂದ ಒಂದು ಕೊಲ್ಲಿಯನ್ನೇ ಕತ್ತರಿಸಿ ತಂದಿಟ್ಟಿದೀನಿ ಸ್ವಾಮಿ ಅಂದಿದ್ದ — ಅಷ್ಟೂ ನೀರು ನೆಲಕ್ಕೆ, ಅದರ ಜೊತೆಗೆ ಮರಳೊಳಗಿನ ಮೀನು ರಂಗನೂ ನೆಲಕ್ಕೆ. ಗಾಜಪ್ಪ ಅನ್ನುವುದು ಪೇಟೆಯವರಿಟ್ಟ ಹೆಸರು, ಕಿಟಕಿಗೆ ಗಾಜು ಕೂರಿಸುವವನು, ಈ ಪೇಟೆಯ ಯಾವ ಮನೆಗಾದರೂ ಸೂರ್ಯ ಬರಬೇಕಾದರೆ ಅವನ ಅಪ್ಪಣೆ ಪಡೆದೇ ಬರಬೇಕು, ಕಣ್ಣಳತೆಯಲ್ಲಿ ಕೂದಲೆಳೆಯನ್ನು ಉದ್ದುದ್ದಕ್ಕೆ ನಾಲ್ಕು ಸೀಳು ಮಾಡುವವನು, ಅಂಥವನನ್ನು ಒಂದು ಗೇಣಗಲದ ಅಡ್ಡಪಟ್ಟಿ ಹೀಗೆ ಕಟ್ಟಿಹಾಕಿತಲ್ಲ. ತೊಟ್ಟಿಯ ಮೇಲುಗಡೆ, ಮುಂಗಾಜಿನಿಂದ ಹಿಂಗಾಜಿಗೆ ಅಂಟಿಸಿದ್ದ ಗಾಜಿನ ಪಟ್ಟಿ, ಐದು ವರ್ಷದ ಹಿಂದೆ ಮೀನಂಗಡಿಯವನು ಬಂದು ಹಾಕಿಹೋದದ್ದು, ಅಣ್ಣಾ ನೀವು ಕಿಟಕಿ ಗಾಜಲ್ಲಿ ತೊಟ್ಟಿ ಮಾಡಿದೀರಿ, ಗಾಳಿ ಬೇರೆ ನೀರು ಬೇರೆ, ಗಾಳಿ ಬಂದು ಹೋಗತ್ತೆ, ನೀರು ಹಗಲೂ ರಾತ್ರಿ ತಳ್ತಾನೇ ಇರತ್ತೆ, ಈ ಪಟ್ಟಿ ಇಲ್ಲಾಂದ್ರೆ ಗಾಜು ಉಬ್ಬತ್ತೆ ಅಂದಿದ್ದ, ನಂಗೆ ಗಾಜಿನ ಪಾಠ ಹೇಳ್ತೀಯೇನಯ್ಯಾ ಅಂದಿದ್ದ ಗಾಜಪ್ಪ, ಐದು ವರ್ಷ ಆ ಪಟ್ಟಿ ಕಣ್ಣಲ್ಲಿ ಬಿದ್ದ ಕಸದ ಹಾಗೆ ಚುಚ್ಚಿದೆ, ತನ್ನ ಗಾಜಿಗೆ ಊರುಗೋಲು, ಇವತ್ತು ಮನೆಯಲ್ಲಿ ಯಾರೂ ಇಲ್ಲ, ಬ್ಲೇಡು ತಗೊಂಡ, ಕುಯ್ದ, ಎತ್ತಿದ, ಎಷ್ಟು ಚೆಂದ ಕಾಣಿಸಿತು ಗೊತ್ತೇ, ಇಡೀ ತೊಟ್ಟಿ ಒಂದೇ ನೀಲಿ, ಅಡ್ಡಿ ಇಲ್ಲ ಆತಂಕ ಇಲ್ಲ, ಒಂದು ನಿಮಿಷ, ಎರಡು ನಿಮಿಷ, ಆಮೇಲೆ ಮೂಲೆಯಿಂದ ಟಿಕ್ ಅಂತೊಂದು ಸದ್ದು. ಪಂಪಿನ ಸ್ವಿಚ್ಚು ಮೊದಲೇ ಆರಿಸಿದ್ದೊಂದು ಪುಣ್ಯ. ಬಾಗಿಲ ಚಿಲಕ ಒಳಗಿಂದ ಹಾಕಿಕೊಂಡದ್ದು ಪಾಪ, ಕೆಲಸದ ನಡುವೆ ಯಾರೂ ಬಂದು ತಲೆ ತಿನ್ನಬಾರದು ಅಂತ.

ರೀ ಎರಡೇ ದಿನ, ಅಂದಳಲ್ಲ ಹೆಂಡತಿ ಬೆಳಿಗ್ಗೆ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಅಕ್ಕನ ಮನೆಗೆ ಹೋಗಿ ಐದು ವರ್ಷ ಆಯ್ತು, ಎರಡೇ ದಿನ, ಬೆಳಿಗ್ಗೆ ಒಂದು ಚಿಟಿಕೆ ಸಂಜೆ ಒಂದು ಚಿಟಿಕೆ ಊಟ ಹಾಕಿ, ನೀರು ಕಮ್ಮಿ ಆದ್ರೆ ಸಿಹಿನೀರೇ ಹಾಕಿ, ಉಪ್ಪು ಆವಿಯಾಗಲ್ಲ, ಮೇಲೆ ಬಲೆ ಮುಚ್ಚೇ ಇರಲಿ, ಅವನು ಹಾರ್ತಾನೆ, ಮತ್ತೆ ದಯವಿಟ್ಟು ರಿಪೇರಿ ಅಂತ ಮಾತ್ರ ಹೋಗ್ಬೇಡಿ. ನಾನು ರಿಪೇರಿ ಮಾಡಿ ಕೆಟ್ಟದ್ದು ಯಾವುದಿದೆ ಹೇಳು. ಅವಳು ಹೇಳಲಿಲ್ಲ, ಹೇಳಿದ್ದರೆ ಬಸ್ಸು ತಪ್ಪುತ್ತಿತ್ತು. ಬಲೆಯನ್ನೂ ತೆಗೆದಿಟ್ಟಾಗಿದೆ, ಪಟ್ಟಿ ಕುಯ್ಯಲು ಅಡ್ಡ ಬರುತ್ತಿತ್ತು, ಅಗೋ ಅಲ್ಲಿದೆ, ಸೋಫಾದ ಮೇಲೆ, ಫೋನಿನ ಪಕ್ಕದಲ್ಲಿ, ಆರು ಹೆಜ್ಜೆ, ಆರು ಹೆಜ್ಜೆಯೇನು, ಚಂದ್ರಲೋಕ. ಹಾರಬೇಡ ಕಣೋ ರಂಗ, ನಿನ್ನ ದಮ್ಮಯ್ಯ. ರಂಗ ಮೊದಲು ರಂಗಿಯಾಗಿದ್ದ, ರಾಸ್ ಅನ್ನುವ ಜಾತಿ, ಬೆರಳುದ್ದ, ಬಾಡಿದ ಹುಣಸೆಎಲೆಯ ಬಣ್ಣ, ಇದೇನೇ ಇಷ್ಟು ಸಪ್ಪೆ ಮೀನು ತಂದಿದೀಯ ಅಂದಿದ್ದ, ತಂದ ದಿನವೇ ಮರಳೊಳಗೆ ಹೊಕ್ಕಿತು, ಮೂರು ದಿನ ಪತ್ತೆ ಇಲ್ಲ, ಸತ್ತಿದೆ ಬಿಡು, ಅಗೆದು ತೆಗೀತೀನಿ ಅಂತ ಸೌಟು ಹಿಡಿದಾಗ ಅವಳು ಮಣಿಕಟ್ಟು ಹಿಡಿದಳು, ಹೆದರಿದೆ ಅಷ್ಟೇ, ಹೆದರಿದವರನ್ನ ಅಗೀಬಾರದು — ನಾಲ್ಕನೇ ದಿನ ಮರಳಿನಿಂದ ಹೀಗೇ ಒಂದು ಕಣ್ಣು. ಆಮೇಲೆ ವರ್ಷ ಎರಡು ವರ್ಷದಲ್ಲಿ ಮೈಮೇಲೆ ಹಸಿರು ಬಂತು, ಹಸಿರಿನ ಮೇಲೆ ಗುಲಾಬಿ ಗೀರು, ಕೆನ್ನೆಯಲ್ಲಿ ನೀಲಿ, ಹೆಣ್ಣು ಗಂಡಾಯಿತು, ಈ ಜಾತಿಯಲ್ಲಿ ಹಾಗೇ ಅಂತೆ, ಇದರ ಬಣ್ಣ ನೋಡಿದ ಸೀರೆ ಅಂಗಡಿಯವರು ಮೂರು ಜನ ಅಂಗಡಿ ಮುಚ್ಚಿಕೊಂಡು ಹೋದರು ಅಂತ ಗಾಜಪ್ಪ ಎಲ್ಲ ಕಡೆ ಹೇಳಿದ, ನಂದು ಅಂತಲೇ ಹೇಳಿದ, ಆದರೆ ಉಪ್ಪು ತೂಗಿ ಬೆರೆಸಿದವಳು ಅವಳು, ವಾರಕ್ಕೊಮ್ಮೆ ಬಕೆಟ್ಟು ಹೊತ್ತವಳು ಅವಳು, ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಈ ಗಾಜಿನ ಮುಂದೆ ಬಗ್ಗಿ ಏನೇನೋ ಮಾತಾಡುವವಳು, ಇವನ ಹತ್ತಿರ ಆಡಲಾರದ ಮಾತು, ಆಡಿದರೆ ನಡುವೆ ಇವನದೊಂದು ಬಡಾಯಿ ಬಂದು ಕೂರುತ್ತದೆ, ಅದಕ್ಕೇ ಮೀನಿಗೆ ಹೇಳುವುದು, ಮೀನು ಬಡಾಯಿ ಕೊಚ್ಚುವುದಿಲ್ಲ. ಅದು ಈಗ ಹೊಳೆಯಿತು, ಅಪ್ಪಚ್ಚಿ ಮೂಗಿನಲ್ಲಿ, ಅವಳು ನಿಲ್ಲುವ ಜಾಗದಲ್ಲೇ ನಿಂತು. ಫೋನು ಬಡಿದುಕೊಂಡಿತು, ಅವಳದೇ, ಇನ್ಯಾರದು, ರಂಗ ತಿಂದನಾ ಅಂತ ಕೇಳಲು, ಒಂಬತ್ತು ಸಲ ಬಡಿದುಕೊಂಡು ಸುಮ್ಮನಾಯಿತು, ತಿಂದ ಕಣೇ, ಹೊಟ್ಟೆ ತುಂಬ ತಿಂದ, ಈಗ ಅವನೂ ನಾನೂ ಮುಖಕ್ಕೆ ಮುಖ ಕೊಟ್ಟು ಕೂತಿದೀವಿ, ನಡುವೆ ಆರು ಮಿಲಿಮೀಟರು. ಹೆಬ್ಬೆರಳ ಸಂದಿಯಿಂದ ನೀರು ಮಣಿಕಟ್ಟಿಗೆ, ಮೊಣಕೈಗೆ, ಅಂಗಿಯೊಳಗೆ, ಅಲ್ಲಿಂದ ನೆಲಕ್ಕೆ, ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ, ಮೇಜಿನ ಕೆಳಗೆ ಅವಳು ಉಪ್ಪು ಬೆರೆಸಿಟ್ಟ ಬಕೆಟ್ಟಿದೆ, ಕೈಬಲೆ ಇದೆ, ಇನ್ನೊಂದು ಜೊತೆ ಕೈ ಇದ್ದರೆ ಸಾಕು, ಒಬ್ಬರು ಗಾಜು ಒತ್ತಿ ಹಿಡಿದರೆ ಇನ್ನೊಬ್ಬರು ರಂಗನನ್ನು ಎತ್ತಿ ಬಕೆಟ್ಟಿಗೆ ಹಾಕಬಹುದು, ಅರ್ಧ ನಿಮಿಷದ ಕೆಲಸ. ಕೂಗಬಹುದು. ಕೆಳಮನೆಯಲ್ಲಿ ಪೈಪಣ್ಣ ಇದ್ದಾನೆ, ಕೊಳಾಯಿ ಕೆಲಸದವನು, ಊಟ ಮಾಡಿ ಮಲಗುವ ಹೊತ್ತು. ಕೂಗುವುದೇ, ಅವನನ್ನೇ — ಹೋದ ವರ್ಷ ಟೆರೇಸಿನ ಮೇಲೆ ಎಲ್ಲರ ಮುಂದೆ, ನಿನ್ನ ಪೈಪು ಅಳೋದು ನೋಡಿದ್ರೆ ಮನೇಲಿ ಯಾರೋ ತೀರ್ಕೊಂಡಿದಾರೆ ಅನ್ಸತ್ತೆ, ನನ್ನ ಗಾಜು ನೋಡು, ಒಂದು ಹನಿ ಬಿಡ್ತಾ ಅಂದವನು ತಾನೇ ಅಲ್ಲವೇ, ಅವತ್ತಿನಿಂದ ಪೈಪಣ್ಣ ಮೆಟ್ಟಿಲಲ್ಲಿ ಸಿಕ್ಕಿದರೆ ನಮಸ್ಕಾರವನ್ನು ಗೋಡೆಗೆ ಮಾಡುತ್ತಾನೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಬಾಗಿಲ ಗಾಜಿನಾಚೆ ಒಂದು ದಪ್ಪ ನೆರಳು, ಕೂಗದೆಯೇ ಬಂದನಲ್ಲ ಪೈಪಣ್ಣ. ಗಾಜಪ್ಪಾ, ಮನೇಲಿದೀಯಾ, ನಮ್ಮ ಸೂರಿಂದ ನೀರು ತೊಟ್ಟಿಕ್ತಿದೆ, ನಾಲಿಗೆಗೆ ಹಚ್ಚಿ ನೋಡ್ದೆ, ಉಪ್ಪುಪ್ಪು. ಈಗ ಹೇಳಬೇಕು, ಎರಡೇ ಮಾತು, ಬಾರಪ್ಪಾ ಕೈ ಹಿಡಿ, ನಾಲಿಗೆ ತುದಿಗೆ ಬಂದಿತ್ತು, ಆದರೆ ನಲವತ್ತು ವರ್ಷ ಒಂದೇ ದಾರಿಯಲ್ಲಿ ಓಡಿದ ನಾಲಿಗೆ, ಅದು ಯಜಮಾನನನ್ನು ಕೇಳುವುದಿಲ್ಲ, ಏನಿಲ್ಲ ಮಾರಾಯ ನೆಲ ಒರೆಸ್ತಿದೀನಿ, ಸಮುದ್ರದ ನೀರಲ್ಲಿ ಒರೆಸಿದ್ರೆ ನೆಲ ಕನ್ನಡಿ ಆಗತ್ತೆ, ನೀನೂ ಒರೆಸಿ ನೋಡು. ನೆರಳು ಬಾಗಿಲಿಂದ ಹಿಂದೆ ಸರಿಯಿತು. ಹೌದಾ, ಸರಿ ಬಿಡು, ನಿನ್ನ ನೆಲ ನಿನ್ನ ಸಮುದ್ರ. ಚಪ್ಪಲಿ ಇಳಿಯಿತು, ಒಂದು ಮೆಟ್ಟಿಲು, ಎರಡು, ನೀರು ಮೇಲಿಂದ ನಾಲ್ಕು ಬೆರಳು ಇಳಿದಿದೆ, ಮೂರು, ತೊಡೆ ನಡುಗುವುದು ಗಾಜಿಗೂ ಗೊತ್ತಾಗುತ್ತಿದೆ, ನಾಲ್ಕು, ಮರಳಲ್ಲಿ ಆ ಕಣ್ಣು ಹೊರಳಿ ಬಾಗಿಲ ಕಡೆ ನೋಡಿತು, ಆಮೇಲೆ ಇವನ ಕಡೆ, ಐದು — ಪೈಪಣ್ಣಾ, ಅಂದ, ಎಷ್ಟು ಸಣ್ಣಗೆ ಅಂದರೆ ಗಾಜಿನ ಮೇಲೆ ಉಸಿರಿನ ಮಬ್ಬಷ್ಟೇ ಕೂತಿತು, ಮತ್ತೆ ಅಂದ, ಪೈಪಣ್ಣಾ, ತೊಟ್ಟಿ ಒಡೀತಿದೆ, ನನ್ನ ಕೈಲಾಗ್ತಿಲ್ಲ, ನನ್ನದೇ ತಪ್ಪು, ಬಾರಪ್ಪಾ. ಈ ಮಾತು ಯಾರದು, ಈ ಮನೆಯಲ್ಲಿ ಇದುವರೆಗೆ ಕೇಳಿದ್ದಲ್ಲ. ಚಪ್ಪಲಿ ನಿಂತಿತು, ತಿರುಗಿತು, ಎರಡೆರಡು ಮೆಟ್ಟಿಲು ಹಾರಿ ಬಂತು, ಬಾಗಿಲು ದಬದಬ, ಚಿಲಕ ಹಾಕಿದೀಯಲ್ಲೋ, ತೆಗಿ, ತೆಗೆಯೋಕಾಗಲ್ಲ ಕಣೋ, ಬಾಗಿಲ ಗಾಜು ಒಡಿ, ಒಡೆದು ಕೈ ಹಾಕಿ ತೆಗಿ, ಒಡೀಲಾ, ಆನೆ ಬಂದ್ರೂ ಒಡೆಯಲ್ಲ ಅಂತಿದ್ಯಲ್ಲ, ಅದೆಲ್ಲ ಬಡಾಯಿ ಕಣೋ, ಒಡಿ. ರೆಂಚು ತರೋಕೆ ಕೆಳಗೆ ಓಡಿದ, ಬಂದ, ಠಪ್. ಆ ಏಟು ಕೇಳಿಯೇ ಗಾಜಪ್ಪನಿಗೆ ಗೊತ್ತಾಯಿತು, ಇದು ಒಡೆಯುವುದಿಲ್ಲ, ಗಾಜಿನ ಸದ್ದು ಗೊತ್ತಿಲ್ಲದವನೇ ಅವನು — ಎಲ್ಲ ಬಡಾಯಿ, ಇದೊಂದು ಮಾತ್ರ ಅಲ್ಲ, ಬ್ಯಾಂಕಿನ ಕೌಂಟರಿಗೆ ಹಾಕಿ ಮಿಕ್ಕಿದ್ದ ತುಂಡು, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಎರಡು ಪದರ ಅಂಟಿಸಿದ ಹನ್ನೆರಡು ಮಿಲಿಮೀಟರಿನದು, ತೊಟ್ಟಿಯ ಮುಂಭಾಗಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಸರಿಹೋಗುತ್ತಿತ್ತು, ಇದನ್ನ ತೊಟ್ಟಿಗೆ ಹಾಕಿ ರೀ ಅಂದಿದ್ದಳು, ಗಟ್ಟಿ ಇದೆ, ನೀರೊಳಗಿನ ಗಾಜು ಯಾರಿಗೆ ಕಾಣತ್ತೆ ಹೋಗೇ, ಬಾಗಿಲಿಗೆ ಹಾಕಿದ್ರೆ ಮೆಟ್ಟಿಲು ಹತ್ತಿದೋರೆಲ್ಲ ಬೆರಗಾಗ್ತಾರೆ, ಅಂತ ಅದನ್ನು ಬಾಗಿಲಿಗೆ, ಆರರದ್ದನ್ನು ರಂಗನಿಗೆ. ಠಪ್. ಜೇಡರ ಬಲೆಯ ಹಾಗೆ ಗೀರೆದ್ದಿತಷ್ಟೇ. ಮೂಲೆಗೆ ಹೊಡಿ, ಪೈಪಣ್ಣಾ, ಮೂಲೆಗೆ. ಠಪ್, ಠಪ್, ಏದುಸಿರು ಬಿಡುತ್ತಾ ಪೈಪಣ್ಣ ಅಂದ, ಎಂಥಾ ಗಾಜು ಹಾಕಿದೀಯೋ ಪುಣ್ಯಾತ್ಮ, ನನ್ನ ಜನ್ಮದಲ್ಲಿ ಇಂಥಾ ಗಾಜು ನೋಡಿಲ್ಲ, ಇದೊಂದು ಮಾತಿಗಾಗಿ ಗಾಜಪ್ಪ ಹತ್ತು ವರ್ಷ ಕಾದಿದ್ದನಲ್ಲ, ಸಿಕ್ಕಿತು, ಹೆಬ್ಬೆರಳ ಕೆಳಗೆ ಅಂಟು ಇನ್ನೊಂದು ಗೆಣ್ಣಿನಷ್ಟು ಬಿಟ್ಟಿತು, ನೀರು ಈಗ ಮಣಿಕಟ್ಟಿನಿಂದಲ್ಲ, ಎದೆಗೇ, ತಣ್ಣಗೆ, ಮತ್ತೆ ಠಪ್, ಆ ಗಾಜು ಒಡೆಯುವುದಿಲ್ಲ, ಈ ಗಾಜು ನಿಲ್ಲುವುದಿಲ್ಲ, ಇನ್ನೂ ಗಟ್ಟಿಯಾಗಿ ಒತ್ತಿದ, ಹಣೆ, ಮೂಗು, ಹಲ್ಲು, ಬಿಡಲ್ಲ ಕಣೋ, ಇನ್ನೊಂದು ಏಟು, ಇನ್ನೊಂದೇ ಏಟು, ಅಷ್ಟು ಹೊತ್ತು ನೀನು ಅಲ್ಲೇ, ಮರಳೊಳಗೇ — ಠಪ್ — ಮರಳು ಸ್ವಲ್ಪ ಜರುಗಿತು, ಚಿನ್ನದ ಉಂಗುರ, ಒಳಗೆ ಕರಿಮಣಿ, ಹೊರಳುತ್ತಿಲ್ಲ, ಎಲ್ಲೂ ಹೊರಳುತ್ತಿಲ್ಲ, ಅವನ ಮೇಲೇ ನೆಟ್ಟ, ಆ ಒಂದು ಕಣ್ಣು