ಹೆಸರು ಕಳೆದ ಕಪಾಟು

ಪ್ರಶ್ನೆಚಿಹ್ನೆಗಳು, ಕಂಪ್ಯೂಟರಿನ ಪರದೆಯ ತುಂಬ ಬರೀ ಪ್ರಶ್ನೆಚಿಹ್ನೆಗಳು, ಶಿವಾಜಿನಗರದ ಉರ್ದು ಲೈಬ್ರರಿಯ ಪುಸ್ತಕಗಳ ಹೆಸರಿರಬೇಕಾದ ಕಡೆಯೆಲ್ಲ — ಶಕೀಲಾ ಕನ್ನಡಕ ಒರೆಸಿ ನೋಡಿದಳು, ಅವೇ, ಹದಿನೈದು ವರ್ಷ ಆ ಲೈಬ್ರರಿ ನೋಡಿಕೊಂಡವಳು ಒಂದೊಂದಾಗಿ ತಾನೇ ಟೈಪ್ ಮಾಡಿದ ಹೆಸರುಗಳು. ನಿಮ್ಮ ಹಳೇ ಸಾಫ್ಟ್‌ವೇರ್ ಹೆಸರನ್ನ ಇನ್ನೂರನೇ ಖಾನೇಲಿಡುತ್ತೆ ಮೇಡಂ, ನಮ್ಮದು ಇನ್ನೂರ ನಲವತ್ತೈದರಲ್ಲಿ, ಅದನ್ನೇನೋ ಹೊಂದಿಸ್ಬಿಟ್ಟೆ, ಉರ್ದು ಲಿಪಿ ಬರ್ಲಿಲ್ಲ, ಎಂದ ಲಕ್ಷ್ಮಿಕಾಂತ, ಬೆನ್ಸನ್ ಟೌನಿನ ಕಾಲೇಜಿನ ಪ್ರೋಗ್ರಾಮರ್, ಕಲಬುರಗಿಯ ಕಡೆಯವನು. ಖಾನೆ ಹೊಂದಿತು, ಒಳಗಿದ್ದದ್ದು ಎಲ್ಲಿ ಹೋಯಿತು, ಹೆಸರಿಲ್ಲದ ರೆಕಾರ್ಡ್ ಡಿಲೀಟ್ ಮಾಡ್ಲಾ, ಎಷ್ಟು ಸಲೀಸಾಗಿ ಕೇಳುತ್ತಾನೆ — ಕ್ಯಾಟಲಾಗಿನಲ್ಲಿ ಇರೋದು ಕಾಲೇಜಿಗೆ, ಇಲ್ದೇ ಇರೋದು ರದ್ದಿಗೆ, ಕಾರ್ಯದರ್ಶಿ ನಯಾಜ್ ಸಾಹೇಬರು ಹೇಳಿಯಾಗಿದೆ, ಸೋಮವಾರ ಲೈಬ್ರರಿಯ ಹಾಲ್ ಕೆಡವುತ್ತಾರೆ, ಅಮ್ಮಿಗೆ ಪುಸ್ತಕ ತರುತ್ತಿದ್ದ ಅದೇ ಹಾಲ್, ಅಮ್ಮಿ ಹೊಸಿಲು ದಾಟದವಳು, ಓದಿ ಮುಗಿಸಿದ ಕಾದಂಬರಿಯನ್ನು ದುಪಟ್ಟಾದಲ್ಲಿ ಸುತ್ತಿ ಕೊಟ್ಟು, ಇದಕ್ಕಿಂತ ದಪ್ಪದ್ದು ತಾ ಬೇಟಿ ಎನ್ನುತ್ತಿದ್ದಳು. ಡಿಲೀಟ್ ಬೇಡ ಎಂದಳು ಶಕೀಲಾ, ಪುಸ್ತಕದ ಬೆನ್ನಿನ ನಂಬರ್ ಉಳಿದಿದೆಯಲ್ಲ, ಪುಸ್ತಕದಲ್ಲೂ ಪರದೆಯಲ್ಲೂ ಅದೊಂದೇ ನಂಬರ್, ಅದನ್ನು ಹಿಡಿದು ಹೆಸರು ಮತ್ತೆ ಹಾಕೋಣ. ಎಲ್ಲಾನೂ ಕೈಯಲ್ಲಾ? ಎಲ್ಲಾನೂ. ಕಾಲೇಜಿನ ಕಂಪ್ಯೂಟರನ್ನು ಆಟೋದಲ್ಲಿ ತಂದು ಹಾಲಿನಲ್ಲಿ ಇಟ್ಟದ್ದು ಶನಿವಾರ, ಈಗ ಭಾನುವಾರದ ಸಂಜೆ, ಕೆಮ್ಮು, ಧೂಳು, ಹೊರಗೆ ಬಸ್ಸುಗಳ ಹಾರ್ನು, ಅವಳು ಪುಸ್ತಕ ತೆಗೆದು ಓದುತ್ತಾಳೆ, ಅವನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾನೆ, ಖಾಬ್, ಅಂದರೆ ಕನಸು, ಸ್ಪೆಲ್ಲಿಂಗ್ ಹೇಳಿ ಮೇಡಂ, ಕೆ ಎಚ್ ಡಬ್ಲ್ಯೂ, ಬಾಯಲ್ಲಿ ಬಾರದ ಡಬ್ಲ್ಯೂ ಉರ್ದು ಬರಹದಲ್ಲಿದೆ, ಇರಲಿ, ಅಂಕುಡೊಂಕಾದರೂ ಒಂದು ಹೆಸರಿದ್ದರೆ ರದ್ದಿಯಿಂದ ಉಳಿಯಿತು. ಕೊನೆಯ ಕಪಾಟೂ ಮುಗಿಯಿತು. ಆಟೋ ಕರೀತೀನಿ ಎಂದವನು ಏಳಲಿಲ್ಲ. ನಮ್ಮಜ್ಜ ಉರ್ದೂಲೇ ಓದಿದ್ದು ಮೇಡಂ, ನಿಜಾಮರ ಕಾಲ ಅಲ್ವಾ, ಊರಲ್ಲಿ ಒಂದು ಟ್ರಂಕ್ ತುಂಬ ಅವ್ರ ಪುಸ್ತಕ, ಮನೇಲಿ ಯಾರಿಗೂ ಬರಲ್ಲ, ಏನಿದೆ ಅಂತಾನೂ ಗೊತ್ತಿಲ್ಲ — ನಿನ್ನೆ ಡಿಲೀಟ್ ಎಂದ ಬಾಯಿ, ಶಕೀಲಾಗೆ ಬಯ್ಯಬೇಕು ಅನಿಸಿತು, ಅಷ್ಟರಲ್ಲಿ ಅವನು ಕಾದಂಬರಿಯೊಂದನ್ನು ತೊಡೆಯ ಮೇಲಿಟ್ಟು ಹೆಸರಿನ ಎಡತುದಿಗೆ ಬೆರಳಿಟ್ಟ, ಆ ಕಡೆಯಿಂದ ಅಲ್ಲಪ್ಪ, ಈ ಕಡೆಯಿಂದ, ಬೆರಳು ಬಲಕ್ಕೆ ಬಂತು, ಧೂಳು ಹತ್ತಿದ ಉಗುರು, ಅಲಿಫ್ ಎಂದಳು, ಉರ್ದುವಿನ ಮೊದಲ ಅಕ್ಷರ, ಅಲಿಫ್ ಎಂದ, ಬೆರಳು ಒಂದಿಷ್ಟು ಎಡಕ್ಕೆ ಸರಿದು ನಿಂತಿತು, ಮತ್ತೆ ಬಲತುದಿಗೆ ಹೋಯಿತು, ಅಲಿಫ್, ಆ ಬೆರಳು, ಎಡಕ್ಕೆ ಸರಿಯುತ್ತ, ಆ ಬೆರಳು, ಎರಡನೇ ಅಕ್ಷರಕ್ಕೆ.