ಕುಕ್ಕರ್ ಅಂಗಡಿಯ ಫೋನು

ರೋಶನಬಿಯ ಮನೆಗೆ ಫೋನು ಬಂದದ್ದು ಗಂಡ ಸೈಫುದ್ದೀನನ ನಿಂಬೆ ವ್ಯಾಪಾರಕ್ಕೆಂದು. ಆದರೆ ಆ ಬೇಸಿಗೆಯಲ್ಲಿ ಅದರ ಗಂಟೆಗೆ ಕಿವಿಗೊಟ್ಟು ಕೂತವಳು ಅವಳು. ಮಗಳು ಮದೀನಾಬಿ ಬಬಲೇಶ್ವರದ ಗಂಡನ ಮನೆಯಲ್ಲಿ ಎರಡನೇ ಹೆರಿಗೆಗೆ ಕಾದಿದ್ದಳು. ಸೈಫುದ್ದೀನ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರಿಂದ ರೋಶನಬಿ ಬಿಜಾಪುರ ಬಿಟ್ಟು ಹೋಗುವಂತಿರಲಿಲ್ಲ. ನೋವು ಕಾಣಿಸಿಕೊಂಡ ಕೂಡಲೇ ಅಂಚೆ ಕಚೇರಿಯಿಂದ ಫೋನು ಮಾಡುತ್ತೇನೆಂದು ಅಳಿಯ ಗೈಬುಸಾಬ ಮಾತು ಕೊಟ್ಟಿದ್ದ.

ಫೋನೇನೋ ದಿನವೂ ಬರುತ್ತಿತ್ತು. ಹಿಟ್ಟಿನ ಕೈಯಲ್ಲೇ ಓಡಿ ಎತ್ತಿದರೆ, ಗಾಂಧಿ ಚೌಕದ ಪಾತ್ರೆ ಅಂಗಡಿಯ ಹುಡುಗಿಯೊಬ್ಬಳು ಪ್ರೆಶರ್ ಕುಕ್ಕರಿನ ವರ್ಣನೆ ಶುರುಮಾಡುತ್ತಿದ್ದಳು. ಬೇಳೆ ಬೇಗ ಬೇಯುತ್ತದೆ, ಸೀಮೆಎಣ್ಣೆ ಉಳಿಯುತ್ತದೆ ಎಂದೆಲ್ಲ ಒಂದೇ ಉಸಿರಿಗೆ ಹೇಳುವಳು. ರೋಶನಬಿ ಮೊದಲು ಸಮಾಧಾನದಿಂದಲೇ ಬೇಡವೆಂದಳು. ಆಮೇಲೆ ಮಗಳ ಹೆರಿಗೆಯ ಸಂಗತಿ ಹೇಳಿ, ಈ ನಂಬರು ಬಿಟ್ಟುಬಿಡು ಎಂದು ಕೇಳಿಕೊಂಡಳು. ಹುಡುಗಿ ಆಗಲಿ ಎಂದಳು. ಮರುದಿನ ಮತ್ತೆ ಅದೇ ದನಿ.

ಒಂದು ಮಧ್ಯಾಹ್ನ ರೋಶನಬಿಗೆ ತಾಳ್ಮೆ ತಪ್ಪಿತು. ಫೋನಿನಲ್ಲೇ ಹುಡುಗಿಯನ್ನು ಮನಸ್ಸು ತಣಿಯುವವರೆಗೆ ಬೈದಳು. ಅದೇ ಹೊತ್ತಿಗೆ ಗೈಬುಸಾಬ ಬಬಲೇಶ್ವರದ ಅಂಚೆ ಕಚೇರಿಯಲ್ಲಿ ನಿಂತಿದ್ದ. ಆ ನಂಬರಿನಲ್ಲಿ ಯಾರೋ ಮಾತಾಡುತ್ತಿದ್ದಾರೆ ಎಂಬ ಉತ್ತರ ಬಂತು. ಹೆಂಡತಿಯನ್ನು ನೋವಿನಲ್ಲಿ ಬಿಟ್ಟು ಬಂದವನು ಕಾಯಲಾಗದೆ ಮನೆಗೆ ಓಡಿದ.

ಮರುದಿನ ಅವನೇ ಮೊದಲ ಬಸ್ಸಿಗೆ ಬಂದು ಹೆಣ್ಣು ಹುಟ್ಟಿದ ಸುದ್ದಿಯನ್ನೂ ಹಿಂದಿನ ದಿನ ಫೋನು ಸಿಗದ ಸಂಗತಿಯನ್ನೂ ಹೇಳಿದ. ಹೆರಿಗೆ ಕಷ್ಟವಾಗಿತ್ತು, ಅವ್ವ ಯಾಕೆ ಬರಲಿಲ್ಲವೆಂದು ಮದೀನಾಬಿ ಕೇಳುತ್ತಲೇ ಇದ್ದಳಂತೆ. ರೋಶನಬಿ ಗಂಡನನ್ನು ನೆರೆಯವರಿಗೆ ಒಪ್ಪಿಸಿ ಹೋಗಿ, ತಾಯಿ ಮಗುವನ್ನು ಕಣ್ತುಂಬ ನೋಡಿ ಬಂದಳು. ಬಂದವಳು ಬಸ್ಸಿಳಿದು ನೇರ ಗಾಂಧಿ ಚೌಕಕ್ಕೆ ನಡೆದಳು.

ಅಂಗಡಿಯ ಮೂಲೆಯಲ್ಲಿ ಹುಡುಗಿ ಫೋನನ್ನು ಕಿವಿಯಿಂದ ತುಸು ದೂರ ಹಿಡಿದು ಕೂತಿದ್ದಳು. ಆ ಕಡೆಯ ಗಂಡಸಿನ ಹೊಲಸು ಬೈಗುಳ ರೋಶನಬಿಗೂ ಕೇಳಿಸಿತು. ತಪ್ಪಾಯಿತು ಎನ್ನುತ್ತಲೇ ಹುಡುಗಿ ಫೋನಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ನಂಬರಿಗೆ ಕೈಹಾಕಿದಳು. ಅವಳ ಹೆಸರು ಭೀಮಾಬಾಯಿ. ರೋಶನಬಿ ತಾನು ಯಾರೆಂದು ಹೇಳಿದ ಕೂಡಲೇ ಭೀಮಾಬಾಯಿ ಎದ್ದು ನಿಂತಳು.

"ನಿಮ್ಮ ಮಗಳ ಹೆರಿಗಿ ಆತೇನ್ರಿ?"

ಬೈಯಲೆಂದೇ ಬಂದಿದ್ದ ರೋಶನಬಿ ಅಂಗಡಿಯ ಹಲಗೆಯ ಮೇಲೆ ಕೂತಳು. "ಆತವ್ವ. ಹೆಣ್ಣು," ಎಂದಳು. ಆಮೇಲೆ, "ಆದ್ರ ನಾ ಮಗಳ ಹಂತ್ಯಾಕ ಇರಲಿಲ್ಲ. ನೀ ಫೋನ್ ಮಾಡಿದಾಗನ ಅಳಿಯಾನೂ ಮಾಡಿದ್ದ," ಎಂದಳು.

ಭೀಮಾಬಾಯಿ ತಲೆ ತಗ್ಗಿಸಿದಳು. "ನಿಮ್ಮ ನಂಬರ ಬಿಡೂಣು ಅಂತ ಹೇಳಿದ್ದೆರಿ. ನಂಬರ ಬಿಟ್ರ ಕೆಲಸಾನೂ ಬಿಡು ಅಂದ್ರು ಸಾವಕಾರ್ರು."

ರೋಶನಬಿ ಮಾಲೀಕ ಧೂಳಪ್ಪನ ಕಡೆ ತಿರುಗಿದಳು. ಅವನೂ ಕೆಟ್ಟವನಲ್ಲ. ಕುಕ್ಕರ್ ಸಿಡಿಯುತ್ತದೆಂದು ಹೆದರಿ ಯಾರೂ ಕೊಳ್ಳುತ್ತಿಲ್ಲ, ಹೇಳಿ ಹೇಳಿಯೇ ಒಪ್ಪಿಸಬೇಕಲ್ಲ ಎಂದು ತನ್ನ ಪಾಡು ತೋಡಿಕೊಂಡ.

"ಫೋನಿನಾಗ ಬ್ಯಾಳಿ ಕುದಿಯೂದಿಲ್ರಿ," ಎಂದಳು ರೋಶನಬಿ. "ಹೆಣ್ಣಮಕ್ಕಳು ಕಣ್ಣಿಲೆ ನೋಡಬೇಕು. ಈ ಹುಡುಗೀನ ನಮ್ಮ ಓಣಿಗೆ ಕಳಸ್ರಿ. ನನ್ನ ಅಂಗಳದಾಗ ಕುದಿಸಿ ತೋರಸ್ಲಿ. ಬ್ಯಾಡ ಅಂದವರಿಗೆ ಮತ್ತ ಫೋನ್ ಮಾಡಸಬ್ಯಾಡ್ರಿ."

ಧೂಳಪ್ಪ ಅರೆಮನಸ್ಸಿನಿಂದಲೇ ಕಳಿಸಿದ. ಅಂಗಳದಲ್ಲಿ ಒಲೆಯೇರಿದ ಕುಕ್ಕರಿನ ಮೊದಲ ಸೀಟಿಗೆ ಓಣಿಯ ಹೆಂಗಸರೆಲ್ಲ ಎದ್ದು ಬೀದಿಗೋಡಿದರು. ಭೀಮಾಬಾಯಿಯೂ ಹಿಂದೆ ಸರಿದು, ಆಮೇಲೆ ತನ್ನಷ್ಟಕ್ಕೆ ತಾನೇ ನಕ್ಕಳು. ಬೆಂದ ಬೇಳೆಯನ್ನು ಮುಟ್ಟಿ ನೋಡಿದವರಲ್ಲಿ ಇಬ್ಬರು ಕೊಳ್ಳುತ್ತೇವೆಂದರು. ರೋಶನಬಿ ಮಾತ್ರ ಕೊಳ್ಳಲಿಲ್ಲ, ಅವಳಿಗೆ ಸೀಟಿಯ ಹೆದರಿಕೆ ಹೋಗಲೇ ಇಲ್ಲ. ಎಲ್ಲರೂ ಹೋದ ಮೇಲೆ ಆ ಬೇಳೆಗೆ ಒಗ್ಗರಣೆ ಹಾಕಿ, ರೊಟ್ಟಿ ಬಡಿದು, ಭೀಮಾಬಾಯಿಯನ್ನು ಊಟಕ್ಕೆ ಕೂರಿಸಿದಳು.

ಅಂಗಡಿಯಿಂದ ಫೋನು ಹೋಗುವುದು ಪೂರ್ತಿ ನಿಲ್ಲಲಿಲ್ಲ. ಆದರೆ ಬೇಡವೆಂದವರ ಹೆಸರಿನ ಮೇಲೆ ಗೀಟು ಎಳೆಯಲು ಧೂಳಪ್ಪ ಒಪ್ಪಿದ. ಭೀಮಾಬಾಯಿಯ ಹೆಚ್ಚಿನ ದಿನಗಳು ಓಣಿ ಓಣಿಗಳಲ್ಲಿ, ಎದುರಿಗೆ ಮುಖ ಕಾಣುವ ಮಂದಿಯ ನಡುವೆ ಕಳೆಯತೊಡಗಿದವು.

ಮಳೆಗಾಲದಲ್ಲಿ ಮದೀನಾಬಿ ಕೂಸನ್ನೆತ್ತಿಕೊಂಡು ತವರಿಗೆ ಬಂದಾಗ ಭೀಮಾಬಾಯಿ ನೋಡಲು ಬಂದಳು. ಕೂಸನ್ನು ಮಡಿಲಿಗೆ ಹಾಕಿಕೊಂಡು ಬಹಳ ಹೊತ್ತು ಕೂತಳು. ಅವಳು ಹೋದ ಮೇಲೆ, ಈಕೆ ಯಾರೆಂದು ಮಗಳು ಕೇಳಿದಳು.

"ನಮ್ಮ ಪೈಕಿ ಹುಡುಗಿನ," ಎಂದಳು ರೋಶನಬಿ.